ಕೆಂಪು ಮಣ್ಣು, ಗಡಸು ನೀರು, ಎರಡು ಹಗ್ಗ: ಒಂದು ಪ್ರಕರಣ ಅಧ್ಯಯನ

ಗುಂಪು ಮತ್ತು ಹಗ್ಗಗಳು

ಬೆಂಗಳೂರಿನ ಒಂದು ಸಣ್ಣ ಕ್ಲೈಂಬಿಂಗ್ ಗುಂಪಿನಲ್ಲಿ ನಡೆದದ್ದು ಇದು. ಹೆಸರು, ಬಡಾವಣೆ, ವರ್ಷ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಹಗ್ಗ ತಯಾರಿಸಿದವರ ಹೆಸರೂ ಬೇಕಿಲ್ಲ, ಆದದ್ದರಲ್ಲಿ ಅವರ ಪಾಲು ಏನೂ ಇಲ್ಲ. ಈ ಗುಂಪಿನವರು ವಾರಾಂತ್ಯಕ್ಕೆ ರಾಮನಗರದ ಗ್ರಾನೈಟ್ ಬಂಡೆಗಳಿಗೆ ಹೋಗುತ್ತಾರೆ, ಚಳಿಗಾಲದಲ್ಲಿ ಬಾದಾಮಿಗೆ. ಸಲಕರಣೆಗಳೆಲ್ಲ ಗುಂಪಿನ ಸ್ವತ್ತು. ಅವು ಒಬ್ಬರ ಮನೆಯಲ್ಲಿರುತ್ತವೆ, ಒಬ್ಬ ಹುಡುಗ ಲೆಕ್ಕ ಬರೆಯುತ್ತಾನೆ. ಯಾವ ಹಗ್ಗ ಬಳಸಬಹುದು, ಯಾವುದನ್ನು ಬಿಡಬೇಕು ಎಂಬಲ್ಲಿ ಕೊನೆಯ ಮಾತು ಒಬ್ಬ ಹಿರಿಯ ಸದಸ್ಯೆಯದು.

ಪ್ರಕರಣಕ್ಕೆ ಸಂಬಂಧಿಸಿದ ಹಗ್ಗಗಳು ಎರಡು. ಮೊದಲನೆಯದು ಡೈನಾಮಿಕ್ ಹಗ್ಗ: 9.8 ಮಿ.ಮೀ. ದಪ್ಪ, 60 ಮೀಟರ್ ಉದ್ದ, ಮೀಟರಿಗೆ 63 ಗ್ರಾಂ, ಇಎನ್ 892 ಎಂಬ ಯುರೋಪಿನ ಮಾನಕದ್ದು, ನೀರು ತಡೆಯುವ ಲೇಪನ ಇಲ್ಲದ್ದು. ಮುಂದೆ ಹತ್ತುವವರು ಬಿದ್ದಾಗ ಹಿಗ್ಗಿ ಹೊಡೆತ ತಗ್ಗಿಸುವುದು ಇದರ ಕೆಲಸ. ಎರಡನೆಯದು ಸೆಮಿ-ಸ್ಟ್ಯಾಟಿಕ್: 10.5 ಮಿ.ಮೀ., 50 ಮೀಟರ್, ಇಎನ್ 1891 ಎ ವರ್ಗದ್ದು. ಇದು ಹೆಚ್ಚು ಹಿಗ್ಗುವುದಿಲ್ಲ, ಇಳಿಯುವುದಕ್ಕೂ ಆ್ಯಂಕರ್ (ಹಗ್ಗವನ್ನು ಬಂಡೆಗೆ ಭದ್ರಪಡಿಸುವ ನೆಲೆ) ಕಟ್ಟುವುದಕ್ಕೂ ಇಟ್ಟುಕೊಂಡದ್ದು.

ಎರಡೂ ನೈಲಾನಿನವು, ಎರಡರ ರಚನೆಯೂ ಒಂದೇ ಬಗೆ. ಒಳಗೆ ಭಾರ ಹೊರುವ ತಿರುಳು, ಅದರ ಸುತ್ತ ಬಿಗಿಯಾಗಿ ನೇಯ್ದ ಕವಚ. 1953ರಲ್ಲಿ ಜರ್ಮನಿಯ ಎಡೆಲ್ರಿಡ್ ಕಂಪನಿ ಹೊರತಂದ ಈ ರಚನೆಯೇ ಇವತ್ತಿಗೂ ಎಲ್ಲ ಕ್ಲೈಂಬಿಂಗ್ ಹಗ್ಗಗಳದ್ದು. ತೊಳೆಯುವ ವಿಷಯದಲ್ಲಿ ನೆನಪಿಡಬೇಕಾದದ್ದು ಇಷ್ಟೆ: ಕವಚ ಕಣ್ಣಿಗೆ ಕಾಣುತ್ತದೆ, ತಿರುಳು ಕಾಣುವುದಿಲ್ಲ. ಮಣ್ಣಾಗಲಿ ನೀರಾಗಲಿ ಸೋಪಾಗಲಿ ಕವಚ ದಾಟಿ ಒಳಗೆ ಹೋದ ಮೇಲೆ ಹೊರಗಿನಿಂದ ನೋಡಿ ಹೇಳುವುದು ಕಷ್ಟ.

ಏಕೆ ತೊಳೆಯಬೇಕಾಯಿತು

ರಾಮನಗರದಲ್ಲಿ ಹಗ್ಗ ಕಪ್ಪಾಗುತ್ತದೆ. ಆ ಕಪ್ಪಿನಲ್ಲಿ ಹೆಚ್ಚಿನದು ಬಿಲೇ ಡಿವೈಸ್ (ಕೆಳಗಿರುವವರು ಹತ್ತುವವರ ಹಗ್ಗವನ್ನು ತಡೆಹಿಡಿಯುವ ಸಾಧನ) ಮತ್ತು ಹಗ್ಗ ಹಾಯಿಸುವ ಲೋಹದ ಕೊಂಡಿಗಳಾದ ಕ್ಯಾರಬಿನರ್‌ಗಳ ಅಲ್ಯುಮಿನಿಯಂ ಸವೆದು ಅಂಟಿದ್ದು. ಕೈ ಮಸಿಯಾಗುತ್ತದೆ ಎಂಬುದು ಬಿಟ್ಟರೆ ಅದರಿಂದ ಹಗ್ಗಕ್ಕೆ ದೊಡ್ಡ ಕೇಡಿಲ್ಲ, ಎಷ್ಟು ತೊಳೆದರೂ ಪೂರ್ತಿ ಹೋಗುವುದೂ ಇಲ್ಲ. ಅದೊಂದಕ್ಕೆ ಮಾತ್ರ ಹಗ್ಗ ತೊಳೆಯುವ ಅಗತ್ಯವಿಲ್ಲ.

ಬಾದಾಮಿಯ ಕೆಂಪು ಬೇರೆ. ಅಲ್ಲಿನದು ಮರಳುಗಲ್ಲು. ಬಂಡೆಯ ಬುಡದಲ್ಲಿ ಹಾಸಿರುವ ಕೆಂಪು ಹುಡಿಯಲ್ಲಿ ಸಣ್ಣ ಸ್ಫಟಿಕದ ಮರಳಿರುತ್ತದೆ, ಅದು ನೈಲಾನಿಗಿಂತಲೂ ಅಲ್ಯುಮಿನಿಯಂಗಿಂತಲೂ ಗಟ್ಟಿ. ಹಗ್ಗ ನೆಲದ ಮೇಲೆ ಬಿದ್ದು, ಮೇಲೆ ಕಾಲಿಟ್ಟಾಗ ಈ ಕಣಗಳು ನೇಯ್ಗೆಯೊಳಗೆ ನುಗ್ಗುತ್ತವೆ. ಆಮೇಲೆ ಭಾರ ಬಿದ್ದು ಹಗ್ಗ ಬಿಗಿದಾಗಲೆಲ್ಲ ಎಳೆಗಳ ನಡುವೆ ಸಿಕ್ಕಿಕೊಂಡ ಕಣ ಎಳೆಗಳನ್ನು ಕೊಯ್ಯುತ್ತದೆ. ಮರಳು ತುಂಬಿದ ಹಗ್ಗ ಆ್ಯಂಕರಿನ ಕ್ಯಾರಬಿನರ್ ಮೇಲೆ ಓಡುತ್ತ ಅದರಲ್ಲಿ ಗೀರು ಕೊರೆಯುತ್ತದೆ. ಗೀರು ಆಳವಾದರೆ ಅಂಚು ಹರಿತವಾಗಿ, ಮುಂದೆ ಅದೇ ಕ್ಯಾರಬಿನರ್ ಬೇರೆ ಹಗ್ಗವನ್ನು ಕೊಯ್ಯಬಲ್ಲದು. ಹಾಗಾಗಿ ಒಂದು ಹಗ್ಗದ ಮರಳು ಆ ಹಗ್ಗದ್ದೊಂದೇ ಸಮಸ್ಯೆಯಲ್ಲ.

ಗುಂಪಿನ ಎರಡೂ ಹಗ್ಗಗಳು ಜನವರಿಯಲ್ಲಿ ಬಾದಾಮಿಯಿಂದ ಬಂದವು. ಫೆಬ್ರುವರಿ, ಮಾರ್ಚಿನಲ್ಲಿ ರಾಮನಗರದಲ್ಲಿ ಹಾಗೆಯೇ ಬಳಕೆಯಾದವು. ಬೇಸಿಗೆಯಲ್ಲಿ ಚೀಲದಲ್ಲಿ ಕುಳಿತವು. ಜುಲೈ ತಿಂಗಳಲ್ಲಿ ಲೆಕ್ಕದ ಹುಡುಗ ಚೀಲ ಬಿಚ್ಚಿ, ಒದ್ದೆ ಮಾಡಿದ ಬಿಳಿ ಬಟ್ಟೆಯೊಳಗೆ ಒಂದು ಮೀಟರ್ ಹಗ್ಗ ಎಳೆದು ನೋಡಿದ. ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಬೆರಳ ನಡುವೆ ಉಜ್ಜಿದರೆ ಗರಗರ ಎಂದಿತು. ತೊಳೆಯುವುದೆಂದು ತೀರ್ಮಾನವಾಯಿತು. ತೀರ್ಮಾನ ಸರಿಯಾಗಿತ್ತು, ಆರಿಸಿದ ತಿಂಗಳು ಸರಿಯಿರಲಿಲ್ಲ. ಮಾರ್ಚಿನ ಬೆಂಗಳೂರಿನಲ್ಲಿ ಎರಡು ದಿನಕ್ಕೆ ಒಣಗುವ ಹಗ್ಗ ಜುಲೈನಲ್ಲಿ ವಾರ ತೆಗೆದುಕೊಳ್ಳುತ್ತದೆ. ಈ ಪ್ರಕರಣದಲ್ಲಿ ಕೆಟ್ಟದ್ದರಲ್ಲಿ ಅರ್ಧ ಆ ಒಂದು ವಾರದಲ್ಲಿ ಕೆಟ್ಟದ್ದು.

ನೀರಿಗೆ ಹಾಕುವ ಮೊದಲು

ಇಲ್ಲಿ ಗುಂಪು ಮಾಡಿದ ಕೆಲಸ ಬಹಳ ಅಚ್ಚುಕಟ್ಟಾದದ್ದು, ಕೊನೆಯಲ್ಲಿ ಕೈಹಿಡಿದದ್ದೂ ಇದೇ.

ಮೊದಲು ಹಗ್ಗದ ತುದಿಗಳಲ್ಲಿರುವ ಪಟ್ಟಿಯ ವಿವರ, ಅಂದರೆ ಮಾನಕ, ದಪ್ಪ, ಉದ್ದ, ತಯಾರಾದ ವರ್ಷ, ಎಲ್ಲವನ್ನೂ ಪುಸ್ತಕಕ್ಕೆ ಬರೆದುಕೊಂಡರು. ತೊಳೆಯುವಾಗ ಆ ಪಟ್ಟಿ ಕಳಚಿಕೊಳ್ಳಬಹುದು, ಅಕ್ಷರ ಮಾಸಬಹುದು. ಆಮೇಲೆ ಉದ್ದನೆಯ ಓಣಿಯ ನೆಲದಲ್ಲಿ ಐದೈದು ಮೀಟರಿಗೆ ಗುರುತು ಹಾಕಿ, ಎಳೆಯದೆ ಸಡಿಲವಾಗಿ ಹಾಸಿ ಅಳೆದರು. ಡೈನಾಮಿಕ್ ಹಗ್ಗ 60.4 ಮೀಟರ್ ಬಂತು. ಲಗೇಜ್ ತೂಗುವ ಡಿಜಿಟಲ್ ತಕ್ಕಡಿಗೆ ನೇತುಹಾಕಿ ತೂಗಿದರು: 4.02 ಕಿ.ಗ್ರಾಂ.

ನಂತರ ಇಡೀ ಹಗ್ಗವನ್ನು ಅಂಗೈ ಅಂಗೈಯಾಗಿ ಕೈಯೊಳಗೆ ಹಾಯಿಸಿದರು. ಪ್ರತಿ ಹತ್ತಿಪ್ಪತ್ತು ಸೆಂಟಿಮೀಟರಿಗೆ ಹಗ್ಗವನ್ನು ಇಂಗ್ಲಿಷಿನ ಯು ಅಕ್ಷರದ ಹಾಗೆ ಬಾಗಿಸಬೇಕು. ಒಳ್ಳೆಯ ತಿರುಳಿದ್ದರೆ ಬಾಗು ದುಂಡಗೆ ನಿಲ್ಲುತ್ತದೆ. ತಿರುಳು ಪೆಟ್ಟು ತಿಂದಿದ್ದರೆ ಬಾಗು ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ. ಹಾಗೆ ಮಡಚಿಕೊಂಡ ಹಗ್ಗವನ್ನು ತೊಳೆದು ಪ್ರಯೋಜನವಿಲ್ಲ, ಅಲ್ಲಿಗೆ ಕತ್ತರಿಸಬೇಕು ಅಥವಾ ಬಿಡಬೇಕು. ಇಲ್ಲಿ ತಿರುಳು ಎಲ್ಲೂ ಕೆಟ್ಟಿರಲಿಲ್ಲ. ಡೈನಾಮಿಕ್ ಹಗ್ಗದ ಒಂದು ತುದಿಯಲ್ಲಿ ಮಾತ್ರ, ಹತ್ತುವವರು ಸೊಂಟಕ್ಕೆ ಧರಿಸುವ ಪಟ್ಟಿಯಾದ ಹಾರ್ನೆಸ್‌ಗೆ ಕಟ್ಟುವ ಗಂಟು ಬೀಳುವ ಜಾಗದಲ್ಲಿ, ಸುಮಾರು ಒಂದು ಮೀಟರಿನಷ್ಟು ಕವಚ ನವಿರೆದ್ದು ಸವೆದಿತ್ತು. ಅಲ್ಲಿಗೊಂದು ಬಣ್ಣದ ದಾರ ಕಟ್ಟಿ ಗುರುತು ಮಾಡಿದರು.

ಕೊನೆಗೆ ಒಣ ಹಗ್ಗವನ್ನೇ ಕೊಡವಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿದರು. ಹೊರಗೆ ಕೂತ ಹುಡಿ ಒಣಗಿದ್ದಾಗಲೇ ಸುಲಭವಾಗಿ ಉದುರುತ್ತದೆ. ಅದನ್ನು ನೀರಿಗೆ ಬಿಟ್ಟರೆ ಕೆಸರಾಗಿ ಒಳಗಿಳಿಯುತ್ತದೆ.

ಮೊದಲ ತೊಳೆತ

ವಾಷಿಂಗ್ ಮೆಶಿನ್ ಬಳಸುವುದೋ ಬೇಡವೋ ಎಂಬ ಚರ್ಚೆ ನಡೆಯಿತು. ಫ್ರಂಟ್ ಲೋಡ್ ಯಂತ್ರವನ್ನು ಹಲವು ಹಗ್ಗ ತಯಾರಕರು ಒಪ್ಪುತ್ತಾರೆ. 30 ಡಿಗ್ರಿ ಮೀರದ ನೀರು, ಸೂಕ್ಷ್ಮ ಬಟ್ಟೆಯ ಸೈಕಲ್, ಸ್ಪಿನ್ ಬಂದ್, ಹಗ್ಗ ಜಾಲಿ ಚೀಲದಲ್ಲಿ ಅಥವಾ ಸರಪಳಿ ಹೆಣಿಗೆಯಲ್ಲಿ ಇರಬೇಕು. ಆ ಮನೆಯಲ್ಲಿದ್ದದ್ದು ಟಾಪ್ ಲೋಡ್. ಅದರ ತಳದ ಪಲ್ಸೇಟರ್ ಹಗ್ಗವನ್ನು ಸುತ್ತಿ ತಿರುಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಂತ್ರದ ಡಬ್ಬಿಯಲ್ಲೂ ಡ್ರಮ್ಮಿನ ಹಿಂದೆಯೂ ದಿನದ ಬಟ್ಟೆಯ ಡಿಟರ್ಜೆಂಟ್, ಬಟ್ಟೆ ಮೃದುವಾಗಿಸುವ ದ್ರವ ಅಂಟಿಕೊಂಡಿರುತ್ತವೆ. ಬಟ್ಟೆ ಒಗೆಯುವ ಪುಡಿಗಳು ಸಾಮಾನ್ಯವಾಗಿ ಕ್ಷಾರೀಯ, ಕೆಲವದರಲ್ಲಿ ಬ್ಲೀಚ್ ಕೂಡ ಇರುತ್ತದೆ. ಹಗ್ಗಕ್ಕೆ ಅವು ಯಾವುದೂ ತಾಗಬಾರದು. ಕೈಯಲ್ಲೇ ತೊಳೆಯುವುದೆಂದು ಆಯಿತು.

ಬಚ್ಚಲ ಬಕೆಟ್ಟುಗಳನ್ನು ಹಿರಿಯ ಸದಸ್ಯೆ ಮುಟ್ಟಗೊಡಲಿಲ್ಲ. ನಮ್ಮ ಮನೆಗಳಲ್ಲಿ ಬಚ್ಚಲ ನೆಲಕ್ಕೂ ಕಮೋಡಿಗೂ ಹಾಕುವ ಆಸಿಡ್‌ನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ, ಆಮ್ಲ ಎಂದರೆ ನೈಲಾನಿನ ಪರಮ ಶತ್ರು. ಯಾವ ಬಕೆಟ್ಟಿನಲ್ಲಿ ಯಾರು ಯಾವಾಗ ಏನು ಕಲಸಿದ್ದರೋ ಹೇಳಲಾಗದು. ಎರಡು ಹೊಸ ಪ್ಲಾಸ್ಟಿಕ್ ಟಬ್ ಕೊಂಡು ತಂದರು. ಈ ಎಚ್ಚರ ಇಲ್ಲಿ ನೆನಪಿನಲ್ಲಿರಲಿ, ಏಕೆಂದರೆ ಅದೇ ಎಚ್ಚರ ಮೂರು ದಿನಗಳ ನಂತರ ಇನ್ನೊಂದು ಕಡೆ ತಪ್ಪಿತು.

ತೊಳೆದ ಕ್ರಮ ಹೀಗೆ. ಟಬ್ಬಿಗೆ 30 ಲೀಟರಿನಷ್ಟು ತಣ್ಣೀರು, ಅದರಲ್ಲಿ ತುರಿದು ಕರಗಿಸಿದ ಮೈಸೋಪು. ಹಗ್ಗವನ್ನು ಸುರುಳಿ ಸುತ್ತದೆ, ಒಂದು ತುದಿಯಿಂದ ಸಡಿಲವಾಗಿ ಪೇರಿಸಿ ಅರ್ಧ ಗಂಟೆ ನೆನೆಹಾಕಿದರು. ಆಮೇಲೆ ಇಬ್ಬರು ಎದುರುಬದುರು ಕೂತು, ಎರಡು ಉಗುರು ಬ್ರಷ್‌ಗಳ ನಡುವೆ ಹಗ್ಗ ಸಿಕ್ಕಿಸಿ, ಒಂದು ಟಬ್ಬಿನಿಂದ ಇನ್ನೊಂದಕ್ಕೆ ಎಳೆದರು. ತಿರುಚು ಬೀಳದಂತೆ ನಿಧಾನವಾಗಿ, ಎರಡು ಸುತ್ತು. ನೀರು ಚೆಲ್ಲಿ ಮತ್ತೆ ತುಂಬಿ ನಾಲ್ಕು ಬಾರಿ ಜಾಲಿಸಿದರು. ಹಿಂಡಲಿಲ್ಲ. ಹಿಂಡಿದರೆ ಕವಚ ತಿರುಳಿನ ಮೇಲೆ ಜಾರಿ ಹೋಗುತ್ತದೆ.

ಮೈಸೋಪು ಬಳಸಿದ್ದು ಮನಸ್ಸಿಗೆ ಬಂದ ಹಾಗೆ ಮಾಡಿದ್ದಲ್ಲ, ಸಾಮಾನ್ಯ ಸೋಪು ಸಾಕು ಎನ್ನುವ ತಯಾರಕರಿದ್ದಾರೆ. ಎಡವಿದ್ದು ನೀರಿನಲ್ಲಿ. ಅಂದು ನಲ್ಲಿಯಲ್ಲಿ ಕಾವೇರಿ ಬರುವ ದಿನವಲ್ಲ, ಟ್ಯಾಂಕಿನಲ್ಲಿದ್ದದ್ದು ಬೋರ್‌ವೆಲ್ ನೀರು. ಸೋಪು ನೊರೆ ಕಟ್ಟಲೇ ಇಲ್ಲ. ಬೂದು ಬಣ್ಣದ ಕೆನೆಯೊಂದು ಮೇಲೆ ತೇಲಿತು. ಮಣ್ಣು ಬಿಡುತ್ತಿದೆ ಎಂದುಕೊಂಡು ಎಲ್ಲರೂ ಖುಷಿಯಾದರು.

ಒಣಗಿತೆಂದು ಯಾರು ಹೇಳಬೇಕು

ಲೇಪನವಿಲ್ಲದ ಹಗ್ಗ ತನ್ನ ತೂಕದ ಅರ್ಧದಷ್ಟು ನೀರನ್ನು ಕುಡಿಯಬಲ್ಲದು. ಪರ್ವತಾರೋಹಣದ ಅಂತಾರಾಷ್ಟ್ರೀಯ ಒಕ್ಕೂಟವಾದ ಯುಐಎಎ ನೀರುನಿರೋಧಕವೆಂದು ಒಪ್ಪಬೇಕಾದರೆ ಹಗ್ಗ ಹೀರುವ ನೀರು ತೂಕದ ಶೇ. 5ಕ್ಕಿಂತ ಕಡಿಮೆ ಇರಬೇಕು, ಅದನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಈ ಹಗ್ಗ ನೀರು ಸೋರಿ ನಿಂತ ಮೇಲೆ 5.6 ಕಿ.ಗ್ರಾಂ ತೂಗಿತು. ಒದ್ದೆ ನೈಲಾನ್ ಹೆಚ್ಚು ಹಿಗ್ಗುತ್ತದೆ, ತಾಳಿಕೊಳ್ಳುವ ಬೀಳುಗಳ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ, ಬಿದ್ದವರ ಮೈಮೇಲೆ ಬರುವ ಹೊಡೆತ ಏರುತ್ತದೆ. ಒಣಗಿದರೆ ಆ ಗುಣ ಬಹುಪಾಲು ಮರಳುತ್ತದೆ. ಆದ್ದರಿಂದ ಪೂರ್ತಿ ಒಣಗಿದೆಯೇ ಎಂಬ ಪ್ರಶ್ನೆ ಬರಿಯ ವಾಸನೆಯ, ಬೂಸಲಿನ ಪ್ರಶ್ನೆಯಲ್ಲ.

ತಾರಸಿಯ ಬಿಸಿಲು ಬೇಡವೆಂದು ಎಲ್ಲರಿಗೂ ಗೊತ್ತಿತ್ತು. ಸೂರ್ಯನ ಅತಿನೇರಳೆ ಕಿರಣ ನೈಲಾನನ್ನು ಬಡವಾಗಿಸುತ್ತದೆ. ತಗಡಿನ ಶೆಡ್ಡಿನ ಕಾವೂ ಬೇಡ, ಡ್ರೈಯರ್ ಅಂತೂ ಬೇಡವೇ ಬೇಡ. ಬಟ್ಟೆ ಒಣಹಾಕುವ ತಂತಿಯನ್ನೂ ಕೈಬಿಟ್ಟರು. ತುಕ್ಕು ಹತ್ತುತ್ತದೆ, ಸಣ್ಣ ತಂತಿಯ ಮೇಲೆ ಒದ್ದೆ ಹಗ್ಗದ ಭಾರ ಒಂದೇ ಕಡೆ ಕೂತು ಗಟ್ಟಿ ಮಡಿಕೆ ಬೀಳುತ್ತದೆ. ಹಜಾರದಲ್ಲಿ ಎರಡು ಕುರ್ಚಿಗಳ ನಡುವೆ ದಪ್ಪ ಪಿವಿಸಿ ಪೈಪು ಇಟ್ಟು, ಹಗ್ಗವನ್ನು ಅದರ ಮೇಲೆ ಉದ್ದುದ್ದ ಕುಣಿಕೆಗಳಾಗಿ ಇಳಿಬಿಟ್ಟು, ಸೀಲಿಂಗ್ ಫ್ಯಾನ್ ಹಾಕಿದರು. ದಿನಕ್ಕೆರಡು ಬಾರಿ ಪೈಪಿನ ಮೇಲಿರುವ ಭಾಗ ಕೆಳಗೆ ಬರುವಂತೆ ಸರಿಸಿದರು. ಪೈಪಿಗೆ ತಾಗಿದ ಜಾಗವೇ ಕೊನೆಗೆ ಒಣಗುವುದು.

ಹೊರಗೆ ಜಿಟಿಜಿಟಿ ಮಳೆ. ಮೂರನೆಯ ದಿನ ಹುಡುಗ ಹಗ್ಗ ಮುಟ್ಟಿ ನೋಡಿ ಚೀಲ ತಂದ.

“ಅಕ್ಕ, ಒಣಗಿದೆ. ಕೈಗೆ ಒಂಚೂರೂ ತಣ್ಣಗೆ ಹತ್ತಲ್ಲ.”

“ಕೈ ಬೇಡ, ತಕ್ಕಡಿಗೆ ಹಾಕು.”

ತಕ್ಕಡಿ 4.12 ಎಂದಿತು. ತೊಳೆಯುವ ಮೊದಲು ಮಣ್ಣು ಸಮೇತ ಇದ್ದದ್ದಕ್ಕಿಂತ 100 ಗ್ರಾಂ ಹೆಚ್ಚು. ಕವಚ ಒಣಗಿತ್ತು, ತಿರುಳಿನಲ್ಲಿ ನೀರು ಹಾಗೇ ಇತ್ತು. ಚೀಲ ವಾಪಸು ಹೋಯಿತು.

ಇದು ಪ್ರಕರಣದ ಮೊದಲ ತಿರುವು. ಇದರಲ್ಲಿ ಒಂದು ಸೂಕ್ಷ್ಮವಿದೆ. ಪಟ್ಟಿಯ ಮೇಲಿನ ಲೆಕ್ಕದಂತೆ 63 ಗ್ರಾಂ ಗುಣಿಸು 60.4, ಅಂದರೆ 3.81 ಕಿ.ಗ್ರಾಂ ಬರುವವರೆಗೆ ಕಾಯುತ್ತೇವೆ ಎಂದರೆ ಮಳೆಗಾಲದಲ್ಲಿ ಆ ದಿನ ಬರುವುದೇ ಇಲ್ಲ. ನೈಲಾನ್ ಗಾಳಿಯ ತೇವವನ್ನೂ ಹೀರುತ್ತದೆ, ಗಾಳಿಯ ಆರ್ದ್ರತೆ ಶೇ. 65 ಇದ್ದಾಗ ತೂಕದ ಶೇ. 4ರಷ್ಟು. ಹಾಗಾಗಿ ನೋಡಬೇಕಾದದ್ದು ಇಂಥ ತೂಕಕ್ಕೆ ಇಳಿಯಿತೇ ಎಂದಲ್ಲ, ಇಳಿಯುವುದು ನಿಂತಿತೇ ಎಂದು. 24 ಗಂಟೆ ಅಂತರದ ಎರಡು ತೂಕ ಒಂದೇ ಬಂದರೆ ಹಗ್ಗ ಆ ಕೋಣೆಯ ಗಾಳಿಯಷ್ಟೇ ಒಣಗಿದೆ ಎಂದರ್ಥ. ಇಲ್ಲಿ ಆರನೆಯ ದಿನ 3.91, ಏಳನೆಯ ದಿನ ಮತ್ತೆ 3.91.

ಒರಟು ಹಗ್ಗ, ಬಿಳಿ ಪುಡಿ

ಒಣಗಿದ ಹಗ್ಗ ಬಣ್ಣ ಬಂದು ಚೆನ್ನಾಗಿ ಕಾಣುತ್ತಿತ್ತು. ಕೈಗೆ ಮಾತ್ರ ಕಡ್ಡಿಯಂತೆ ಬಿರುಸು. ಬಾಗಿಸಿದಾಗ ನೇಯ್ಗೆಯ ಸಂದಿನಿಂದ ಸಣ್ಣ ಬಿಳಿ ಪುಡಿ ಉದುರಿತು. ಬಿಲೇ ಡಿವೈಸ್‌ಗೆ ಹಾಕಿದರೆ ಸಲೀಸಾಗಿ ಹರಿಯಲಿಲ್ಲ.

ಅದು ಮರಳಲ್ಲ, ಸೋಪಿನ ಗಸಿ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಇಟ್ಟು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ. ಬೆಂಗಳೂರಿನ ಆಳದ ಬೋರ್‌ವೆಲ್‌ಗಳಲ್ಲಿ ಮೊದಲ ಮಿತಿ ದಾಟುವ ನೀರು ಅಪರೂಪವಲ್ಲ. ಇಂಥ ನೀರಿಗೆ ಮೈಸೋಪು ಬಿದ್ದರೆ ಆ ಲವಣಗಳು ಸೋಪಿನೊಡನೆ ಕೂಡಿ ನೀರಿನಲ್ಲಿ ಕರಗದ ಗಸಿಯಾಗುತ್ತವೆ. ತೇಲಿದ ಬೂದು ಕೆನೆ ಅದೇ. ಹಗ್ಗ ಎತ್ತಿದಾಗ ಅದು ನೇಯ್ಗೆಗೆ ಅಂಟಿತು, ಅದೇ ನೀರಿನಲ್ಲಿ ಎಷ್ಟು ಜಾಲಿಸಿದರೂ ಹೋಗಲಿಲ್ಲ. ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟೆ ಕಟ್ಟುವುದನ್ನು ದಿನವೂ ನೋಡುವವರಿಗೆ ಹಗ್ಗದ ವಿಷಯದಲ್ಲಿ ಅದು ಹೊಳೆಯಲಿಲ್ಲ.

ಪರಿಹಾರವಾಗಿ ಮೂರು ಸಲಹೆ ಬಂದವು. ವಿನೆಗರ್ ಅಥವಾ ನಿಂಬೆಹುಳಿ ಹಾಕಿದರೆ ಬಿಳಿ ಪಟ್ಟೆ ಬಿಡುತ್ತದೆ ಎಂದರು ಒಬ್ಬರು. ನಲ್ಲಿಗೆ, ಗೀಸರಿಗೆ ಅದು ಸರಿ. ಹಗ್ಗಕ್ಕೆ, ಎಷ್ಟೇ ತೆಳುವಾಗಿರಲಿ, ಹುಳಿ ಯಾವುದೂ ಬೇಡವೆಂದು ತಳ್ಳಿಹಾಕಿದರು. ಬಟ್ಟೆ ಮೃದುವಾಗಿಸುವ ದ್ರವ ಹಾಕಿ ಎಂದರು ಇನ್ನೊಬ್ಬರು. ಅದು ಒರಟುತನವನ್ನು ಮರೆಮಾಚುತ್ತದೆ, ಗಸಿ ತೆಗೆಯುವುದಿಲ್ಲ, ಮೇಲಾಗಿ ಎಳೆಗಳ ಮೇಲೆ ತನ್ನದೇ ಪದರ ಬಿಡುತ್ತದೆ. ಒಪ್ಪಿಗೆಯಾದದ್ದು ಮೂರನೆಯದು: ಮೆದು ನೀರಿನಲ್ಲಿ, ಸೋಪಿಲ್ಲದ, ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ದ್ರವದಿಂದ ಮತ್ತೊಮ್ಮೆ ತೊಳೆಯುವುದು. ಹಗ್ಗಕ್ಕೆಂದೇ ಮಾರುವ ದ್ರವ ತರಿಸಿ, ಬಾಟಲಿಯ ಮೇಲಿನ ಅಳತೆ ಮೀರದೆ ಬಳಸಿದರು. ಕಾವೇರಿ ನೀರು ಬರುವ ದಿನ ನೋಡಿಕೊಂಡರು. ಮಳೆ ಚೆನ್ನಾಗಿ ಹಿಡಿದ ಮೇಲೆ ತಾರಸಿಯ ಕೊಳೆ ಹರಿದುಹೋಗಲು ಬಿಟ್ಟು, ಹೊಸ ಟಬ್ಬಿನಲ್ಲಿ ನೇರವಾಗಿ ಹಿಡಿದ ಮಳೆನೀರನ್ನು ಕೊನೆಯ ಎರಡು ಜಾಲಿಕೆಗೆ ಇಟ್ಟರು. ಒಂದು ಗಂಟೆ ನೆನೆಸಿ, ಬ್ರಷ್ ಎಳೆದು, ಐದು ಬಾರಿ ಜಾಲಿಸಿದರು. ಕೊನೆಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿದರೆ ತಿಳಿಯಾಗಿತ್ತು, ಅಲ್ಲಾಡಿಸಿದರೆ ನೊರೆ ಏಳಲಿಲ್ಲ. ಮತ್ತೆ ಏಳು ದಿನ ಪೈಪಿನ ಮೇಲೆ. ತೂಕ 3.89ಕ್ಕೆ ಬಂದು ನಿಂತಿತು, ಹಗ್ಗ ಮೆತ್ತಗಾಯಿತು. ಆರಂಭದ 4.02 ಜೊತೆ ಇಟ್ಟು ನೋಡಿದರೆ, ಗಾಳಿಯ ತೇವ ಎರಡೂ ಸಲ ಹೆಚ್ಚುಕಡಿಮೆ ಒಂದೇ ಎಂದು ಹಿಡಿದರೆ, 100 ಗ್ರಾಂ ಮೀರಿದಷ್ಟು ಬಾದಾಮಿ ಆ ಹಗ್ಗದೊಳಗಿತ್ತು.

ಎರಡನೆಯ ಹಗ್ಗ

ಹಜಾರದ ಪೈಪಿನಲ್ಲಿ ಒಂದೇ ಹಗ್ಗಕ್ಕೆ ಜಾಗ. ಸೆಮಿ-ಸ್ಟ್ಯಾಟಿಕ್ ಹಗ್ಗವನ್ನು ಮೊದಲ ತೊಳೆತದ ನಂತರ ಅಡುಗೆಮನೆ ಹಿಂದಿನ ಯುಟಿಲಿಟಿ ಕೋಣೆಯಲ್ಲಿ, ಗೋಡೆಯ ಎರಡು ದಪ್ಪ ಗೂಟಗಳ ನಡುವೆ ಕುಣಿಕೆ ಕುಣಿಕೆಯಾಗಿ ಇಳಿಬಿಟ್ಟಿದ್ದರು. ನೆರಳು, ಗಾಳಿ, ಎಲ್ಲ ಸರಿಯಾಗಿತ್ತು. ಮೂರನೆಯ ದಿನ ಮನೆಯವರು ನೆಲ ಒರೆಸಲೆಂದು ಇನ್ವರ್ಟರ್ ಟ್ರಾಲಿಯನ್ನು ಗೋಡೆಯತ್ತ ಸರಿಸಿದರು. ಹಗ್ಗದ ಕುಣಿಕೆಗಳ ಕೆಳಬಾಗುಗಳು ಬ್ಯಾಟರಿಯ ನೆತ್ತಿಯ ಮೇಲೆ ಕೂತವು. ಹಾಗೇ ಎರಡು ರಾತ್ರಿ ಕಳೆಯಿತು.

ಹುಡುಗ ಅದನ್ನು ನೋಡಿದವನೇ ತಡಮಾಡದೆ ಹಿರಿಯ ಸದಸ್ಯೆಗೆ ಫೋನ್ ಮಾಡಿದ. ಅವನು ಹಗ್ಗವನ್ನು ಸುಮ್ಮನೆ ಎತ್ತಿ ಬೇರೆಡೆ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಪ್ರಕರಣ ಇಲ್ಲಿಗೆ ಬರುತ್ತಲೂ ಇರಲಿಲ್ಲ. ಸಲಕರಣೆ ನೋಡಿಕೊಳ್ಳುವವರಿಗೆ ಬಯ್ಗುಳದ ಭಯ ಇರದಂತೆ ಗುಂಪು ನಡೆದುಕೊಂಡಿದ್ದರ ಫಲ ಇದು.

ಇನ್ವರ್ಟರಿನ ಸೀಸದ ಬ್ಯಾಟರಿಯಲ್ಲಿರುವುದು ಗಂಧಕಾಮ್ಲ. ಚಾರ್ಜ್ ಆಗುವಾಗ ಒಳಗೆ ಗುಳ್ಳೆ ಎದ್ದು, ಮುಚ್ಚಳದ ರಂಧ್ರದಿಂದ ಆಮ್ಲದ ಸಣ್ಣ ತುಂತುರು ಹೊರಬಂದು ನೆತ್ತಿಯ ಮೇಲೆ ಕೂರುತ್ತದೆ. ಡಿಸ್ಟಿಲ್ಡ್ ವಾಟರ್ ತುಂಬಿಸುವಾಗ ಸ್ವಲ್ಪ ಹೆಚ್ಚಾದರೂ ಹೊರಗೆ ತುಳುಕುತ್ತದೆ. ಟರ್ಮಿನಲ್ ಸುತ್ತ ಕಟ್ಟುವ ಬಿಳಿ-ಹಸಿರು ಹುಡಿಯೂ ಅದರದ್ದೇ ಗುರುತು. ಬ್ಯಾಟರಿ ಎತ್ತಿದವರ ಪ್ಯಾಂಟು ಎರಡು ಸಲ ಒಗೆಯುವಷ್ಟರಲ್ಲಿ ತೂತಾಗುವುದು ಇದರಿಂದಲೇ. ನೈಲಾನಿನಲ್ಲಿ ಆಮ್ಲ ಅಣುಗಳ ಸರಪಳಿಯನ್ನೇ ತುಂಡರಿಸುತ್ತದೆ. ಎಷ್ಟೋ ಸಲ ಬಣ್ಣ ಬದಲಾಗುವುದಿಲ್ಲ, ಕೈಗೆ ಬೇರೆ ಅನ್ನಿಸುವುದಿಲ್ಲ, ಬಾಗಿಸಿದರೂ ದುಂಡಗೇ ನಿಲ್ಲುತ್ತದೆ.

ಇಲ್ಲಿ ನಡೆದ ಚರ್ಚೆ ಇಡೀ ಪ್ರಕರಣದಲ್ಲಿ ಹೆಚ್ಚು ಕಲಿಸುವಂಥದ್ದು.

ನೀರಿನಲ್ಲಿ ಚೆನ್ನಾಗಿ ಜಾಲಿಸಿದರೆ ಹೋಗುವುದಿಲ್ಲವೇ ಎಂಬುದು ಮೊದಲ ಪ್ರಶ್ನೆ. ಇನ್ನೂ ಉಳಿದಿರುವ ಆಮ್ಲ ಹೋಗುತ್ತದೆ, ಅದು ಈಗಾಗಲೇ ಮಾಡಿದ ಕೆಡುಕು ಹೋಗುವುದಿಲ್ಲ. ಅದಲ್ಲದೆ ಗಂಧಕಾಮ್ಲ ಆರಿಹೋಗುವ ದ್ರವವಲ್ಲ. ಹಗ್ಗ ಒಣಗುತ್ತಿದ್ದಂತೆ ನೀರು ಮಾತ್ರ ಹಾರಿ, ಉಳಿದ ಆಮ್ಲ ಇನ್ನಷ್ಟು ಕಟುವಾಗುತ್ತದೆ. ತೊಟ್ಟು ಬಿದ್ದಾಗ ತೆಳುವಿದ್ದದ್ದು ಎರಡು ರಾತ್ರಿಯಲ್ಲಿ ತೆಳುವಾಗಿ ಉಳಿದಿರುವುದಿಲ್ಲ. ಅಡುಗೆ ಸೋಡಾ ಹಾಕಿ ಶಮನ ಮಾಡಬಹುದೆಂಬ ಸಲಹೆಗೂ ಇದೇ ಉತ್ತರ.

ಪರೀಕ್ಷೆ ಮಾಡಬಹುದೇ? ಪಿಎಚ್ ಕಾಗದ ತಂದು, ಕುಣಿಕೆಗಳ ಬಾಗುಗಳಿಗೆ ಶುದ್ಧ ನೀರು ಒತ್ತಿ ಹಚ್ಚಿ ನೋಡಿದರು. ಎರಡು ಕಡೆ ಕಾಗದ ಕೆಂಪಾಯಿತು, ಉಳಿದೆಡೆ ಇಲ್ಲ. ಕೆಂಪಾದದ್ದು ಆಮ್ಲ ತಾಗಿದ್ದನ್ನು ಖಚಿತಪಡಿಸಿತು. ಕೆಂಪಾಗದ ಕಡೆ ಆಮ್ಲ ತಾಗಿಲ್ಲ ಎಂದು ಅದರಿಂದ ಸಾಬೀತಾಗುವುದಿಲ್ಲ. ಹಗ್ಗದ ಉಳಿದ ಬಲ ತಿಳಿಯುವ ಒಂದೇ ದಾರಿ ಅದನ್ನು ಯಂತ್ರದಲ್ಲಿ ಎಳೆದು ಹರಿಯುವುದು. ಹರಿದ ಹಗ್ಗದ ಬಲ ತಿಳಿದು ಆಗಬೇಕಾದ್ದೇನು?

ಕೆಟ್ಟ ಭಾಗ ಕತ್ತರಿಸಿ ಉಳಿದದ್ದು ಇಟ್ಟುಕೊಳ್ಳೋಣ ಎಂಬುದು ಕೊನೆಯ ವಾದ, ಕೇಳಲು ನ್ಯಾಯವಾದದ್ದೇ. ಒಂದು ತುದಿಯಷ್ಟೇ ಬ್ಯಾಟರಿಗೆ ತಾಗಿದ್ದರೆ ಹಾಗೆ ಮಾಡಬಹುದಿತ್ತು. ಹಗ್ಗ ತೂಗುಬಿದ್ದಿದ್ದ ರೀತಿಯೇ ಇದಕ್ಕೆ ಅಡ್ಡಬಂತು. ಒಂದೂವರೆ ಮೀಟರ್ ಇಳಿದು ಮತ್ತೆ ಮೇಲೇರುವ ಕುಣಿಕೆಗಳು, ಪ್ರತಿ ಕುಣಿಕೆಯ ಕೆಳಬಾಗು ಒಂದೇ ಮಟ್ಟದಲ್ಲಿ. ಅಂದರೆ ಹಗ್ಗವನ್ನು ಹಾಸಿದರೆ, ಸುಮಾರು ಮೂರು ಮೀಟರಿಗೊಂದರಂತೆ ತುದಿಯಿಂದ ತುದಿಯವರೆಗೆ ಅನುಮಾನದ ಜಾಗಗಳು. ಕತ್ತರಿಸಿದರೆ ಉಳಿಯುವುದು ಮೂರು ಮೂರು ಮೀಟರಿನ ತುಂಡುಗಳು.

ಹಿರಿಯ ಸದಸ್ಯೆ ಹಗ್ಗವನ್ನು ಬಳಕೆಯಿಂದ ತೆಗೆದರು. ಇಡಿಯಾಗಿ ಎಸೆಯಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಗಾಡಿ ಎಳೆಯಲು, ಬಾವಿಗೆ, ಉಯ್ಯಾಲೆಗೆ ಎಂದು ಕೇಳಿ ಒಯ್ದ ಹಗ್ಗ ಒಂದು ದಿನ ಯಾರದೋ ಮೈಭಾರ ಹೊರುತ್ತದೆ. ಅರ್ಧರ್ಧ ಮೀಟರಿಗೆ ಕತ್ತರಿಸಿ ಕಸಕ್ಕೆ ಹಾಕಿದರು. ಈ ನಿರ್ಧಾರಕ್ಕೆ ಗುಂಪಿನೊಳಗೆ ಬೇಸರವಿತ್ತು, ಹಗ್ಗಕ್ಕೆ ಕೊಟ್ಟ ಹಣ ಚಿಕ್ಕದಲ್ಲ. ಆದರೂ ಇದಕ್ಕಿಂತ ಸರಿಯಾದ ನಿರ್ಧಾರ ಇನ್ನೊಂದಿರಲಿಲ್ಲ.

ಅರವತ್ತು ಮೀಟರ್ ಎಷ್ಟು ಮೀಟರ್

ಉಳಿದ ಡೈನಾಮಿಕ್ ಹಗ್ಗವನ್ನು ಅದೇ ಓಣಿಯಲ್ಲಿ ಮತ್ತೆ ಅಳೆದರು. 58.8 ಮೀಟರ್. ನೀರು ಬಿದ್ದ ನೈಲಾನ್ ಹಗ್ಗ ಒಣಗುವಾಗ ಕುಗ್ಗುವುದು ಸಹಜ, ಕೆಟ್ಟಿತು ಎಂದಲ್ಲ. ಎಲ್ಲ ಕಡೆ ಒಂದೇ ಸಮ ಕುಗ್ಗಿದರೆ ನಡುಗುರುತು ನಡುವಲ್ಲೇ ಉಳಿಯುತ್ತದೆ. ಎರಡು ತುದಿ ಜೋಡಿಸಿ ನೋಡಿದರು, ಉಳಿದಿತ್ತು.

ಈಗ ದಾರ ಕಟ್ಟಿದ ಸವೆದ ತುದಿ. ಅದನ್ನು ಕತ್ತರಿಸಲೇಬೇಕು, 1.2 ಮೀಟರ್. ಒಂದೇ ಕಡೆ ಕತ್ತರಿಸಿದರೆ ನಿಜವಾದ ನಡು 60 ಸೆಂ.ಮೀ. ಸರಿಯುತ್ತದೆ, ಹಳೆಯ ಗುರುತು ಸುಳ್ಳು ಹೇಳುತ್ತದೆ. ಗುರುತನ್ನು ನಂಬಿ ಹಗ್ಗವನ್ನು ಆ್ಯಂಕರಿನಲ್ಲಿ ಎರಡಾಗಿ ಇಳಿಬಿಟ್ಟು ಇಳಿಯುವವರಿಗೆ ಒಂದು ಎಳೆ ಇನ್ನೊಂದಕ್ಕಿಂತ 1.2 ಮೀಟರ್ ಗಿಡ್ಡ. ಹೊಸ ಗುರುತು ಹಾಕೋಣವೆಂದರೆ ಸಿಕ್ಕ ಮಾರ್ಕರ್ ಪೆನ್ನು ಹಾಕುವಂತಿಲ್ಲ. ಕೆಲವು ಮಾರ್ಕರ್‌ಗಳ ಶಾಯಿ ಹಗ್ಗವನ್ನು ದುರ್ಬಲಗೊಳಿಸಬಹುದೆಂದು ಯುಐಎಎ ಬಹಳ ಹಿಂದೆಯೇ ಎಚ್ಚರಿಸಿದೆ. ತಯಾರಕರು ಒಪ್ಪಿದ ಶಾಯಿ ಕೈಯಲ್ಲಿರಲಿಲ್ಲ. ಎರಡೂ ತುದಿಯಿಂದ 1.2 ಮೀಟರ್ ತೆಗೆಯುವುದೆಂದು ತೀರ್ಮಾನಿಸಿದರು. ಗುರುತು ನಡುವಲ್ಲೇ ಉಳಿಯಿತು, ಹಗ್ಗ 56.4 ಆಯಿತು. ಕತ್ತರಿಸುವ ಜಾಗಕ್ಕೆ ಬಟ್ಟೆಯ ಟೇಪು ಬಿಗಿಯಾಗಿ ಸುತ್ತಿ, ಒಲೆಯ ಮೇಲೆ ಕಾಯಿಸಿದ ಹಳೆಯ ಚಾಕುವಿನಿಂದ ಟೇಪಿನ ನಡುವೆ ಕೊಯ್ದು, ಕವಚ ಮತ್ತು ತಿರುಳು ಒಟ್ಟಿಗೆ ಕರಗಿ ಕೂಡುವಂತೆ ತುದಿಯನ್ನು ತಿರುಗಿಸುತ್ತ ಬಿಸಿ ಮುಟ್ಟಿಸಿದರು. ಕಿಟಕಿ ತೆರೆದಿಟ್ಟೇ ಇದನ್ನು ಮಾಡಬೇಕು, ಹೊಗೆ ಒಳ್ಳೆಯದಲ್ಲ.

60 ಎಂದು ಎಲ್ಲರ ಬಾಯಲ್ಲಿದ್ದ ಹಗ್ಗ ಈಗ 56. 28 ಮೀಟರ್ ಎತ್ತರದ ಆ್ಯಂಕರಿನಿಂದ ಒಬ್ಬರನ್ನು ಇಳಿಸಲು ಅಷ್ಟೂ ಬೇಕು, ಹಾರ್ನೆಸ್ ಗಂಟಿಗೂ ಬಿಲೇ ಮಾಡುವವರಿಗೂ ಏನೂ ಉಳಿಯುವುದಿಲ್ಲ. ಹಗ್ಗ ಸಾಲದೆ ತುದಿ ಬಿಲೇ ಡಿವೈಸ್‌ನಿಂದ ಜಾರಿ ಜನ ಬಿದ್ದ ಅಪಘಾತಗಳು ಜಗತ್ತಿನ ಎಲ್ಲ ಕಡೆ ಆಗಿವೆ. ಹಳೆಯ ಪಟ್ಟಿಯ ಮೇಲಿದ್ದ 60ನ್ನು ಮುಚ್ಚಿ, ಟೇಪಿನ ಮೇಲೆ 56 ಎಂದು ಬರೆದು ಎರಡೂ ತುದಿಗೆ ಅಂಟಿಸಿದರು. 25 ಮೀಟರ್ ಮೀರಿದ ಮಾರ್ಗಕ್ಕೆ ಈ ಹಗ್ಗ ಇಲ್ಲ ಎಂದು ಗೊತ್ತುಮಾಡಿದರು, ಕೆಳತುದಿಗೆ ಯಾವಾಗಲೂ ಗಂಟು.

ಆಮೇಲೆ ಬದಲಾದದ್ದು

ಬಾದಾಮಿಯಿಂದ ಬಂದ ಹಗ್ಗ ಈಗ ಮಾರ್ಚಿನೊಳಗೆ ತೊಳೆಯಲಾಗುತ್ತದೆ, ಕಾವೇರಿ ನೀರಿರುವ ದಿನ ಮಾತ್ರ. ನೀರು ಹೇಗಿದೆ ಎಂದು ತಿಳಿಯಲು ಸುಲಭದ ದಾರಿಯೊಂದನ್ನು ಹಿಡಿದಿದ್ದಾರೆ: ಅರ್ಧ ಬಾಟಲಿ ನೀರಿಗೆ ಸೋಪಿನ ಚೂರು ಹಾಕಿ ಕುಲುಕುವುದು. ನೊರೆ ನಿಂತರೆ ತೊಳೆಯಬಹುದು, ಬೂದು ಕೆನೆಯಾಗಿ ಒಡೆದರೆ ಬೇಡ. ತೊಳೆಯುವುದೂ ಮೊದಲಿಗಿಂತ ಕಡಿಮೆಯಾಗಿದೆ. ಬಂಡೆಯ ಬುಡದಲ್ಲಿ ದಪ್ಪ ಟಾರ್ಪಾಲು ಹಾಸಿ ಅದರ ಮೇಲೆ ಹಗ್ಗ ಪೇರಿಸುತ್ತಾರೆ, ಅದನ್ನು ಯಾರೂ ತುಳಿಯುವುದಿಲ್ಲ. ಮಣ್ಣು ಒಳಗೆ ಹೋಗದಂತೆ ನೋಡಿಕೊಳ್ಳುವುದು ಹೋದ ಮೇಲೆ ತೆಗೆಯುವುದಕ್ಕಿಂತ ಎಷ್ಟೋ ಸುಲಭ.

ಒಣಹಾಕುವ ಕೋಣೆಯಲ್ಲಿ ಮೊದಲು ನೆಲ ನೋಡುತ್ತಾರೆ, ಆಮೇಲೆ ಗೂಟ. ಬ್ಯಾಟರಿ, ಸ್ಕೂಟರ್, ಪೆಟ್ರೋಲ್ ಕ್ಯಾನು, ಫಿನಾಯಿಲ್, ಬ್ಲೀಚಿಂಗ್ ಪೌಡರ್ ಇದ್ದ ಕೋಣೆ ಆಗದು. ಕುಣಿಕೆಯ ಕೆಳಬಾಗು ನೆಲದಿಂದ ಒಂದು ಮೊಳವಾದರೂ ಮೇಲಿರಬೇಕು. ಆ ವಾರ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿ, ಮನೆಯಲ್ಲಿ ನೆಲ ಒರೆಸುವವರಿಗೂ ಬಾಯಿಮಾತಿನಲ್ಲಿ ಹೇಳುತ್ತಾರೆ.

ಪುಸ್ತಕದಲ್ಲಿ ಪ್ರತಿ ಹಗ್ಗಕ್ಕೂ ಎರಡು ಕಾಲಂ ಹೊಸದಾಗಿ ಬಂದಿವೆ, ತೂಕ ಮತ್ತು ಅಳೆದ ಉದ್ದ. ಹೋದ ಹಗ್ಗದ ಬದಲಿಗೆ ತಂದ ಸೆಮಿ-ಸ್ಟ್ಯಾಟಿಕ್ ಹಗ್ಗವನ್ನು ಬಳಸುವ ಮೊದಲೇ ಒಂದು ದಿನ ಪೂರ್ತಿ ಬರಿಯ ನೀರಿನಲ್ಲಿ ನೆನೆಸಿ ಒಣಗಿಸಿದರು. ತಯಾರಿಕೆಯ ಎಣ್ಣೆ ಬಿಡಲಿ, ಕುಗ್ಗುವುದು ಮೊದಲೇ ಕುಗ್ಗಲಿ ಎಂದು ತಯಾರಕರೇ ಹೇಳುವ ಕ್ರಮ ಇದು. ಅಂಗಡಿಯಿಂದ 50 ಎಂದು ಬಂದ ಆ ಹಗ್ಗ ಪುಸ್ತಕದಲ್ಲಿ 48 ಎಂದು ದಾಖಲಾಗಿದೆ.